ಅಂಗಾತವೋ, ಬೋರಲೋ: ತಡವಾಗಿ ಬಂದ ಉತ್ತರ

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು, ಒಬ್ಬರ ಮಾತು ನಂಬಿ ಸುದ್ದಿ ಬರೆಯಬೇಡಿ ಎಂದು. ವಿಜ್ಞಾನವೂ ಈ ಮಾತನ್ನು ಒಮ್ಮೆ ಮರೆತಿತ್ತು.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲಿಸುತ್ತವೆ. ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. 20 ಸೆಕೆಂಡಿಗಿಂತ ಹೆಚ್ಚು ನಿಂತರೆ ಅದು ಆಪ್ನಿಯಾ. ದಿನ ತುಂಬುವ ಹೊತ್ತಿಗೆ ಬಹುತೇಕ ಮಕ್ಕಳಲ್ಲಿ ಇದು ತಾನಾಗಿ ನಿಲ್ಲುತ್ತದೆ. ಇನ್ನೊಂದು ಕಡೆ, ಆರೋಗ್ಯವಾಗಿದ್ದ ಮಗು ಮಲಗಿದಲ್ಲೇ ಸಾಯುವುದಿತ್ತು. 1969ರಲ್ಲಿ ಅದಕ್ಕೆ 'ಸಿಡ್ಸ್' ಎಂದು ಹೆಸರಿಟ್ಟರು. ಕಾರಣ ಮಾತ್ರ ಗೊತ್ತಿರಲಿಲ್ಲ.

1972ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ವೈದ್ಯ ಆಲ್ಫ್ರೆಡ್ ಸ್ಟೈನ್‌ಶ್ನೈಡರ್ ಇವೆರಡನ್ನೂ ಜೋಡಿಸಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬರೆದರು. ಅವರು ಗಮನಿಸಿದ್ದು ಐದೇ ಮಕ್ಕಳನ್ನು. ಅದರಲ್ಲಿ ತೀರಿಕೊಂಡ ಇಬ್ಬರು ಒಂದೇ ಮನೆಯ ಅಕ್ಕ ತಮ್ಮ. ಆ ಮನೆಯಲ್ಲಿ ಮೊದಲೇ ಮೂರು ಮಕ್ಕಳು ಸತ್ತಿದ್ದವು. ನಿದ್ದೆಯ ಆಪ್ನಿಯಾವೇ ಸಾವಿಗೆ ದಾರಿ, ಅದು ವಂಶದಲ್ಲಿ ಬರಬಹುದು ಎಂಬ ಮಾತು ಹಬ್ಬಿತು. ಉಸಿರು ನಿಂತರೆ ಕೂಗುವ ಮಾನಿಟರುಗಳು ಸಾವಿರಾರು ಮನೆಗಳ ತೊಟ್ಟಿಲ ಪಕ್ಕ ಬಂದವು.

1994ರಲ್ಲಿ ಆ ಐದು ಮಕ್ಕಳ ತಾಯಿಯನ್ನು ಪೊಲೀಸರು ಬಂಧಿಸಿದರು. ಮಕ್ಕಳ ಉಸಿರು ಕಟ್ಟಿಸಿದ್ದು ತಾನೇ ಎಂದು ಆಕೆ ಒಪ್ಪಿಕೊಂಡು, ಆಮೇಲೆ ಹೇಳಿಕೆ ಹಿಂತೆಗೆದುಕೊಂಡರು. 1995ರಲ್ಲಿ ಜ್ಯೂರಿ ಆಕೆಯನ್ನು ಅಪರಾಧಿ ಎಂದಿತು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 1998ರಲ್ಲಿ, ಆಕೆ ಜೈಲಿನಲ್ಲಿ ತೀರಿಕೊಂಡರು.

ಈ ನಡುವೆ ಸರಳವಾದ ಪ್ರಶ್ನೆಯೊಂದು ಹಿಂದೆ ಬಿದ್ದಿತ್ತು: ಮಗುವನ್ನು ಹೇಗೆ ಮಲಗಿಸಿದ್ದರು? ಉಸಿರಾಟದ ತೊಂದರೆಯಿರುವ ಅಕಾಲಿಕ ಶಿಶುಗಳನ್ನು ಬೋರಲು ಮಲಗಿಸಿದರೆ ರಕ್ತಕ್ಕೆ ಆಮ್ಲಜನಕ ಚೆನ್ನಾಗಿ ಸೇರುತ್ತದೆ. ವಾರ್ಡಿನ ಆ ರೂಢಿ ಮನೆಗಳಿಗೂ ಬಂತು. ಡಾ. ಸ್ಪಾಕ್ ಅವರ ಜನಪ್ರಿಯ ಪುಸ್ತಕವೂ ವರ್ಷಗಟ್ಟಲೆ ಬೋರಲು ಮಲಗಿಸಿ ಎಂದೇ ಹೇಳಿತ್ತು. ಆದರೆ ಬೋರಲು ಮಲಗಿದ ಕೂಸಿಗೆ ನಿದ್ದೆ ಗಾಢವಾಗಿ, ಬೇಗ ಎಚ್ಚರವಾಗುವುದಿಲ್ಲ. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ಅಪಾಯವೂ ಇದೆ.

1987ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿ ಯೋಂಗೆ ಇದರ ವಿರುದ್ಧ ಎಚ್ಚರಿಸಿದರು. 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಿದವು. ಅಮೆರಿಕದಲ್ಲಿ ಸಿಡ್ಸ್ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ದರೆ 1970ರ ಹೊತ್ತಿಗೇ ಈ ಅಪಾಯ ಕಾಣುತ್ತಿತ್ತು ಎಂದು 2005ರ ಒಂದು ಪರಿಶೀಲನೆ ಹೇಳಿತು. ಆಗಲೇ ಕಂಡಿದ್ದರೆ ಯುರೋಪ್, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 50,000ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಿದ್ದರು ಎಂಬುದು ಅದರ ಅಂದಾಜು.

ಮಾನಿಟರುಗಳ ಕಥೆ 2001ರಲ್ಲಿ ತಿಳಿಯಾಯಿತು. 1,079 ಮಕ್ಕಳ ಅಧ್ಯಯನದಲ್ಲಿ, ಉಸಿರು ಆಗಾಗ ನಿಲ್ಲುವುದು ಆರೋಗ್ಯವಂತ ಮಕ್ಕಳಲ್ಲೂ ಸಾಮಾನ್ಯವೆಂದು ಕಂಡಿತು. ಇಂದಿಗೂ ವಾರ್ಡಿನಲ್ಲಿ, ಯಂತ್ರದ ಕಾವಲಿನಲ್ಲಿ, ಪುಟ್ಟ ಕೂಸನ್ನು ಬೋರಲು ಮಲಗಿಸುವುದುಂಟು. ಮನೆಗೆ ಬಂದ ಮೇಲೆ ಅಂಗಾತವೇ.

ಐದು ಮಕ್ಕಳ ಲೆಕ್ಕ ಇಪ್ಪತ್ತು ವರ್ಷ ದಾರಿ ತಪ್ಪಿಸಿತು. 'ಸಂಶೋಧನೆಯಿಂದ ದೃಢ' ಎಂಬ ಸುದ್ದಿ ಮೇಜಿಗೆ ಬಂದಾಗ ನಾವೀಗ ಮೊದಲು ಕೇಳುವುದು, ಎಷ್ಟು ಜನರನ್ನು ನೋಡಿ ಹೇಳಿದ್ದು ಎಂದು.