ಮಗುವಿನ ಉಸಿರು ಎಣಿಸಲು ಕಲಿತ ಬಗೆ

ಐದು ವರ್ಷದೊಳಗಿನ ಮಕ್ಕಳನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಸೋಂಕು ಇಂದಿಗೂ ನ್ಯುಮೋನಿಯಾ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 7 ಲಕ್ಷ ಮಕ್ಕಳು ಇದರಿಂದ ಸಾಯುತ್ತಾರೆ. ಇದರ ಮುಖ್ಯ ರೋಗಾಣುವಾದ ನ್ಯುಮೋಕಾಕಸ್ 1881ರಲ್ಲೇ ಸಿಕ್ಕಿತ್ತು. ಫ್ರಾನ್ಸಿನಲ್ಲಿ ಪಾಶ್ಚರ್, ಅಮೆರಿಕದಲ್ಲಿ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಅದನ್ನು ಗುರುತಿಸಿದ್ದರು. ಪೆನಿಸಿಲಿನ್ ಬಳಕೆಗೆ ಬಂದೇ ಎಂಬತ್ತು ವರ್ಷವಾಯಿತು. ಕಾರಣ ಗೊತ್ತಿದೆ, ಮದ್ದೂ ಇದೆ. ಆದರೆ ಗೊತ್ತಿದ್ದದ್ದು ಮಗುವಿನ ಮನೆಬಾಗಿಲಿಗೆ ಹೋಗಿ ಮುಟ್ಟುವುದಕ್ಕೆ ದಶಕಗಳು ಹಿಡಿದವು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಚರಿತ್ರೆ ಈ ವಿಳಂಬದ್ದೇ.

ವಿಳಂಬವನ್ನು ಮೊದಲು ಮುರಿದದ್ದು ದೊಡ್ಡ ಆಸ್ಪತ್ರೆಯಲ್ಲ. ಪಪುವಾ ನ್ಯೂಗಿನಿಯ ಗೊರೋಕಾ ಎಂಬ ಗುಡ್ಡಗಾಡಿನ ಊರಿನಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳ್ಳಿಗಳಲ್ಲಿ ಎಕ್ಸ್‌ರೇ ಇರಲಿಲ್ಲ, ವೈದ್ಯರೂ ಇರಲಿಲ್ಲ. ಸ್ಟೆತಸ್ಕೋಪ್ ಇದ್ದರೂ ಅಳುವ ಕೂಸಿನ ಎದೆಯ ಸದ್ದನ್ನು ಕೇಳಿ ತೀರ್ಮಾನಿಸುವುದು ಪಳಗಿದ ಕಿವಿಗೂ ಕಷ್ಟ. ಶಾನ್ ಮತ್ತು ಸಂಗಡಿಗರು ಕಣ್ಣಿಗೆ ಕಾಣುವ ಎರಡೇ ಲಕ್ಷಣ ಹಿಡಿದರು: ಉಸಿರಿನ ವೇಗ ಮತ್ತು ಪಕ್ಕೆ ಸೆಳೆತ. ಕೆಮ್ಮಿರುವ ಮಗು ನಿಮಿಷಕ್ಕೆ ಐವತ್ತಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ ನ್ಯುಮೋನಿಯಾ ಎಂದು ತಿಳಿದು ಆಂಟಿಬಯೋಟಿಕ್ ಕೊಡಬೇಕು; ಉಸಿರು ಒಳಗೆಳೆದಾಗ ಪಕ್ಕೆಯ ಕೆಳಭಾಗ ಗುಳಿ ಬಿದ್ದರೆ ಆಸ್ಪತ್ರೆಗೆ ಸೇರಿಸಬೇಕು. ಇದರ ಹಿಂದಿನ ಕಾರಣವೂ ಸರಳ. ಸೋಂಕಿನಿಂದ ಬಿಗಿದ ಶ್ವಾಸಕೋಶ ಹಿಗ್ಗಲಾರದು, ಹಾಗಾಗಿ ಮಗು ಸಣ್ಣಸಣ್ಣ ಉಸಿರನ್ನು ಬೇಗಬೇಗ ತೆಗೆಯುತ್ತದೆ. ಬಿಗಿತ ಹೆಚ್ಚಾದಾಗ ಎಳೆತವೂ ಹೆಚ್ಚುತ್ತದೆ, ಎಳೆಯ ಪಕ್ಕೆಲುಬು ಒಳಕ್ಕೆ ಬಾಗುತ್ತದೆ.

1984ರಲ್ಲಿ ಇದೇ ಗುಂಪು, ತೀವ್ರವಾಗಿ ನರಳುತ್ತಿದ್ದ ಮಕ್ಕಳ ಶ್ವಾಸಕೋಶದಿಂದ ಸೂಜಿಯಲ್ಲಿ ತೆಗೆದ ದ್ರವದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಹೆಚ್ಚಿನದೆಲ್ಲ ವೈರಸ್ಸಿನ ಕಾಯಿಲೆ, ಮಾತ್ರೆಯಿಂದ ಏನೂ ಆಗದು ಎಂಬ ಉದಾಸೀನಕ್ಕೆ ಇದು ಉತ್ತರವಾಯಿತು. 1988ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ವಯಸ್ಸಿನ ಪ್ರಕಾರ ಲೆಕ್ಕ ತಿದ್ದಿದರು: ವರ್ಷದೊಳಗಿನವರಿಗೆ ಐವತ್ತು, ವರ್ಷ ದಾಟಿದವರಿಗೆ ನಲವತ್ತು. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು ಎಂಬುದೂ ಸೇರಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಾಯಿತು. ಇಂದು ಆಶಾ ಕಾರ್ಯಕರ್ತೆಯರು ಕಲಿಯುವುದು ಇದನ್ನೇ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು, ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ನೋಡುತ್ತ ಎಣಿಸಬೇಕು.

ಎಣಿಸಲು ಬಾರದವರು ಏನು ಮಾಡಬೇಕು? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಅಲ್ಲಿನ ಸೂಲಗಿತ್ತಿಯರಲ್ಲಿ ಹಲವರಿಗೆ ಹತ್ತರ ಮೇಲೆ ಲೆಕ್ಕ ಬರುತ್ತಿರಲಿಲ್ಲ. ಅವರಿಗಾಗಿ ಒಂದು ನಿಮಿಷದ ಮರಳು ಗಡಿಯಾರವನ್ನೂ ಮಣಿಗಳ ಸಾಲನ್ನೂ ಜೋಡಿಸಿದ ಸಾಧನ ತಯಾರಾಯಿತು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ, ಮಿತಿಯನ್ನು ಸೂಚಿಸುವ ಕೆಂಪು ಮಣಿ ಸರಿದರೆ ನ್ಯುಮೋನಿಯಾ. ಅರೆವೈದ್ಯಕೀಯ ಸಿಬ್ಬಂದಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರು, ಸೂಲಗಿತ್ತಿಯರು ಅಲ್ಲಿಯೇ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಕೊಡುತ್ತಿದ್ದರು. 1990ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಈ ಹಳ್ಳಿಗಳ ನ್ಯುಮೋನಿಯಾ ಸಾವಿನ ಪ್ರಮಾಣ ಪಕ್ಕದ ಹಳ್ಳಿಗಳ ಅರ್ಧಕ್ಕಿಂತ ಕಡಿಮೆ ಇತ್ತು. ಔಷಧವನ್ನು ಓದುಬರಹ ಬಾರದವರ ಕೈಗೆ ಕೊಡಬಾರದು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಗೊತ್ತಿಲ್ಲ. ಆದರೂ ನಮ್ಮ ದೇಶದಲ್ಲಿ ಆಶಾ ಕಾರ್ಯಕರ್ತೆಯ ಕೈಗೆ ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಡಲು ಅವಕಾಶವಾದ ‘ಸಾನ್ಸ್’ ಅಭಿಯಾನ ಶುರುವಾದದ್ದು 2019ರಲ್ಲಿ. ಇಪ್ಪತ್ತೊಂಬತ್ತು ವರ್ಷ! ಆ ನಡುವೆ ಎಷ್ಟೋ ಮನೆಗಳಲ್ಲಿ ಏದುಸಿರು ಬಿಡುವ ಕೂಸಿನ ಹೊಟ್ಟೆಗೆ ಬರೆ ಹಾಕುವುದೇ ಚಿಕಿತ್ಸೆಯಾಗಿ ಉಳಿದಿತ್ತು.

ಲಸಿಕೆಗಳ ಕತೆಯಲ್ಲೂ ಇದೇ ಅಂತರ. ನ್ಯುಮೋಕಾಕಸ್ ಮತ್ತು ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾವಾದ ಹಿಬ್, ಇವೆರಡರ ಮೈಮೇಲೂ ಸಕ್ಕರೆಯ ಅಣುಗಳ ಕವಚವಿದೆ. ಎರಡು ವರ್ಷದೊಳಗಿನ ಮಗುವಿನ ದೇಹಕ್ಕೆ ಆ ಸಕ್ಕರೆಯನ್ನು ಶತ್ರುವೆಂದು ಗುರುತಿಸುವ ಶಕ್ತಿ ಕಡಿಮೆ. ಅದನ್ನು ಒಂದು ಪ್ರೋಟೀನಿಗೆ ಅಂಟಿಸಿದರೆ ಗುರುತು ಹತ್ತುತ್ತದೆ. ಹೀಗೆ ತಯಾರಾದ ಹಿಬ್ ಲಸಿಕೆ 1990ರಲ್ಲಿ ಅಮೆರಿಕದ ಹಸುಗೂಸುಗಳಿಗೆ ಸಿಕ್ಕಿತು. ಭಾರತದ ಸರ್ಕಾರಿ ಪಟ್ಟಿಗೆ ಬಂದದ್ದು 2011ರ ಕೊನೆಯಲ್ಲಿ, ಮೊದಲು ಕೇರಳ ಮತ್ತು ತಮಿಳುನಾಡಿಗೆ. ನ್ಯುಮೋಕಾಕಸ್ ಲಸಿಕೆ ಅಮೆರಿಕದಲ್ಲಿ ಬಂದದ್ದು 2000ದಲ್ಲಿ. 2005ರಲ್ಲಿ ಗ್ಯಾಂಬಿಯಾದ ಪ್ರಯೋಗ, ಎಕ್ಸ್‌ರೇಯಲ್ಲಿ ಕಾಣುವ ನ್ಯುಮೋನಿಯಾ ಶೇ 37ರಷ್ಟು ಮತ್ತು ಎಲ್ಲ ಕಾರಣಗಳ ಸಾವು ಶೇ 16ರಷ್ಟು ಇಳಿದದ್ದನ್ನು ತೋರಿಸಿತು. ನಮ್ಮಲ್ಲಿ 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಿಂದ ಆರಂಭವಾಗಿ ಇಡೀ ದೇಶಕ್ಕೆ ವಿಸ್ತರಿಸಿದ್ದು 2021ರಲ್ಲಿ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳು, ಹೀಗೆ ಮೂರು ಡೋಸ್. ಯಾವ ಬಗೆಯ ನ್ಯುಮೋಕಾಕಸ್ ನಮ್ಮ ಮಕ್ಕಳಲ್ಲಿ ಹರಡಿದೆ ಎಂದು ಪತ್ತೆಹಚ್ಚುವ ಕೆಲಸದಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದ ಪಾತ್ರ ದೊಡ್ಡದು.

ಒಲೆಯ ಹೊಗೆ ತಗ್ಗಿಸಿದರೆ ನ್ಯುಮೋನಿಯಾವೂ ತಗ್ಗೀತು ಎಂಬ ನಿರೀಕ್ಷೆ ಅಷ್ಟಾಗಿ ಫಲಿಸಲಿಲ್ಲ. ಗ್ವಾಟೆಮಾಲಾದಲ್ಲಿ ಚಿಮಣಿ ಇರುವ ಒಲೆ ಕೊಟ್ಟಾಗ ತೀವ್ರ ನ್ಯುಮೋನಿಯಾ ಮಾತ್ರ ಕಡಿಮೆಯಾಯಿತು. ಭಾರತವೂ (ತಮಿಳುನಾಡಿನಲ್ಲಿ) ಸೇರಿ ನಾಲ್ಕು ದೇಶಗಳಲ್ಲಿ ಗ್ಯಾಸ್ ಒಲೆ ಕೊಟ್ಟು ನಡೆಸಿದ ಪ್ರಯೋಗದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಗ್ಯಾಸ್ ಬೇಡವೆಂದು ಇದರ ಅರ್ಥವಲ್ಲ. ತಾಯಂದಿರ ಕಣ್ಣು, ಎದೆಗಳಿಗಾಗಿಯಾದರೂ ಹೊಗೆ ಹೋಗಲೇಬೇಕು.

ಆಸ್ಪತ್ರೆ ಮುಟ್ಟಿದ ಮಗುವನ್ನು ಉಳಿಸುವುದು ಆಮ್ಲಜನಕ. ಇಲ್ಲಿ ಢಾಕಾದ ಮೊಹಮ್ಮದ್ ಜೋಬಾಯರ್ ಚಿಸ್ತಿಯವರ ಕೆಲಸ ಹೇಳಲೇಬೇಕು. ವೆಂಟಿಲೇಟರ್ ಕೊಳ್ಳಲಾಗದ ಕಡೆ ಅವರು ಖಾಲಿ ಶಾಂಪೂ ಬಾಟಲಿಗೆ ನೀರು ತುಂಬಿ, ಮಗು ಬಿಡುವ ಉಸಿರಿನ ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿದರು. ನೀರಿನ ಒತ್ತಡ ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. 2015ರ ಅವರ ಪ್ರಯೋಗದಲ್ಲಿ, ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ಶೇ 15 ಮಕ್ಕಳು ತೀರಿಕೊಂಡರೆ ಈ ವಿಧಾನದಲ್ಲಿ ಶೇ 4.

ಬ್ಯಾಕ್ಟೀರಿಯಾ ಹಿಂದೆ ಸರಿದಂತೆ ವೈರಸ್ ಮುಂದೆ ಬಂತು. 2019ರಲ್ಲಿ ಆಫ್ರಿಕಾ ಮತ್ತು ಏಷ್ಯಾದ ಏಳು ದೇಶಗಳ ಅಧ್ಯಯನವೊಂದು, ಆಸ್ಪತ್ರೆ ಸೇರಿದ ನ್ಯುಮೋನಿಯಾ ಮಕ್ಕಳಲ್ಲಿ ಸುಮಾರು ಮೂರನೇ ಒಂದರಷ್ಟಕ್ಕೆ ಆರ್‌ಎಸ್‌ವಿ ಎಂಬ ಒಂದೇ ವೈರಸ್ ಕಾರಣವೆಂದಿತು. ಅದಕ್ಕೆ ಲಸಿಕೆ ಮಾಡುವ ಮೊದಲ ಯತ್ನ ದುರಂತವಾಗಿತ್ತು. 1966ರಲ್ಲಿ ಅಮೆರಿಕದಲ್ಲಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ಕೂಸುಗಳಿಗೆ ಚುಚ್ಚಲಾಯಿತು. ನಂತರ ಸೋಂಕು ತಗುಲಿದಾಗ ಲಸಿಕೆ ಪಡೆದವರ ಸ್ಥಿತಿಯೇ ಹೆಚ್ಚು ಬಿಗಡಾಯಿಸಿ ಇಬ್ಬರು ಮಕ್ಕಳು ತೀರಿಕೊಂಡರು. ಕ್ಷೇತ್ರ ದಶಕಗಳ ಕಾಲ ಸ್ತಬ್ಧವಾಯಿತು. 2013ರಲ್ಲಿ ಜೇಸನ್ ಮೆಕ್‌ಲೆಲನ್ ಮತ್ತು ಬಾರ್ನಿ ಗ್ರಹಾಂ ತಂಡ, ವೈರಸ್ಸಿನ ಎಫ್ ಪ್ರೋಟೀನ್ ಜೀವಕೋಶಕ್ಕೆ ಬೆಸೆಯುವ ಮೊದಲು ಯಾವ ಆಕಾರದಲ್ಲಿರುತ್ತದೆಂದು ಬಿಡಿಸಿಟ್ಟಿತು. ಹಳೆಯ ಲಸಿಕೆ ದೇಹಕ್ಕೆ ಗುರುತಿಸಲು ಕಲಿಸಿದ್ದು ಬೆಸೆದ ಮೇಲಿನ ಆಕಾರವನ್ನು. ಸರಿಯಾದ ಆಕಾರ ಸಿಕ್ಕ ಹತ್ತು ವರ್ಷಕ್ಕೆ, 2023ರಲ್ಲಿ, ಗರ್ಭಿಣಿಗೆ ಕೊಟ್ಟು ಹುಟ್ಟುವ ಮಗುವನ್ನು ಕಾಯುವ ಲಸಿಕೆಗೆ ಮಂಜೂರಾತಿ ದೊರೆಯಿತು.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಲಸಿಕೆಯನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡಿದೆ. ಭಾರತದ ಸಾರ್ವತ್ರಿಕ ಪಟ್ಟಿಯಲ್ಲಿ ಅದು ಇನ್ನೂ ಇಲ್ಲ. ದಾರಿಯೇನೋ ಸಿದ್ಧವಿದೆ: ತಾಯಿ ಕಾರ್ಡ್ ಹಿಡಿದು ಉಪಕೇಂದ್ರಕ್ಕೆ ಬರುವ ಗರ್ಭಿಣಿಗೆ ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಈಗಲೂ ಕೊಡುತ್ತಾರೆ, ಏಳನೇ ತಿಂಗಳ ತಪಾಸಣೆಯಲ್ಲಿ ಇದನ್ನೂ ಕೊಡಬಹುದು. ಅಡ್ಡ ನಿಂತಿರುವುದು ಬೆಲೆ. ನ್ಯುಮೋಕಾಕಸ್ ಲಸಿಕೆಗೆ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅಗ್ಗದ ಬಗೆಯೊಂದನ್ನು ತಯಾರಿಸಿತು, ಆದರೆ ಮೊದಲ ಲಸಿಕೆ ಬಂದ ಸುಮಾರು ಎರಡು ದಶಕದ ನಂತರ. ಈ ಸಲ ಅಂಥ ತಯಾರಿ ಇವತ್ತೇ ಶುರುವಾಗಬೇಕು.