ಬೆಳ್ಳಗಿರುವುದೆಲ್ಲ ಹಾಲಲ್ಲ



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೆಲವು ವರ್ಷಗಳ ಹಿಂದೆ ಒಂದು ಜಾಲತಾಣವನ್ನು ತೆರೆದು, ಹಳೆಯ ಛಾಯಾಚಿತ್ರಗಳನ್ನು ಯಾರು ಬೇಕಾದರೂ ಅದಕ್ಕೆ ಏರಿಸಬಹುದೆಂದು ಎಲ್ಲರಿಗೂ ತಿಳಿಸಿದ್ದರು. ನಾನು ಏರಿಸಹೊರಟದ್ದು ಛಾಯಾಚಿತ್ರವನ್ನಲ್ಲ, ಒಂದು ವಾರ್ಷಿಕೋತ್ಸವದ ವರದಿಯನ್ನು. ಅದು ವರ್ಡ್‌ನಲ್ಲಿ ಬರೆದಿಟ್ಟ ಕಡತ. "ಚಿತ್ರಗಳಿಗೆ ಮಾತ್ರ ಅವಕಾಶ" ಎಂದು ತಾಣವು ಅದನ್ನು ತಿರಸ್ಕರಿಸಿತು. ನಾನು ಕಡತದ ಹೆಸರಿನ ತುದಿಯಲ್ಲಿದ್ದ 'ಡಾಕ್' ಎಂಬುದನ್ನು ಅಳಿಸಿ 'ಜೆಪಿಜಿ' ಎಂದು ಬರೆದೆ. ತಾಣವು ಮರುಮಾತಿಲ್ಲದೆ ಒಪ್ಪಿಕೊಂಡಿತು.

ತಾಣದ ಉಸ್ತುವಾರಿ ಹೊತ್ತಿದ್ದ ಶಿಷ್ಯನು ಅಂದು ಸಂಜೆಯೇ ಫೋನು ಮಾಡಿದನು. "ಸಾರ್, ತಪ್ಪು ನಿಮ್ಮದಲ್ಲ, ನಮ್ಮದು. ಬಾಗಿಲು ಕಾಯುವವನು ಬಂದವರ ಹೆಸರನ್ನಷ್ಟೇ ಕೇಳುತ್ತಿದ್ದಾನೆಂದು ನಿಮ್ಮಿಂದ ಗೊತ್ತಾಯಿತು. ಇದನ್ನೇ ಬೇರೆ ಯಾರಾದರೂ ಕಂಡುಕೊಂಡಿದ್ದರೆ ತಾಣವನ್ನೇ ಕಳೆದುಕೊಳ್ಳಬೇಕಾಗಿತ್ತು" ಎಂದನು. ಮರುದಿನ ಆ ಬಾಗಿಲನ್ನು ಮುಚ್ಚಿಯೂ ಬಿಟ್ಟನು. ನನ್ನ ಚಪಲದಿಂದ ಎಲ್ಲರ ಅವಕಾಶ ತಪ್ಪಿತಲ್ಲ ಎಂಬ ಸಂಕಟದಲ್ಲಿಯೇ ನಾನು ಈ ವಿಷಯದ ಇತಿಹಾಸವನ್ನು ಓದತೊಡಗಿದೆ.

ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ ಹಿಡಿದವನಿಗೆ ಈ ಸಮಸ್ಯೆ ಹೊಸದಲ್ಲ. ತಲೆ ತಗ್ಗಿಸಿಕೊಂಡು ಹೆಸರು ಕೂಗುತ್ತ ಹೋದರೆ, ಬಾರದ ಹುಡುಗನ ಪರವಾಗಿ ಪಕ್ಕದವನು "ಹಾಜರ್ ಸಾರ್" ಎನ್ನುತ್ತಾನೆ. ತಲೆಯೆತ್ತಿ ಮುಖ ನೋಡಬೇಕೆಂಬುದನ್ನು ನಾನು ಕಲಿತದ್ದು ತಡವಾಗಿಯೇ. ಗಣಕಯಂತ್ರಗಳ ಲೋಕವೂ ಇದನ್ನು ತಡವಾಗಿ ಕಲಿತಿತು.

ಕಡತದ ಹೆಸರಿಗೆ ಒಂದು ಚುಕ್ಕೆ, ಅದರಾಚೆಗೆ ಮೂರು ಅಕ್ಷರಗಳ ಬಾಲ ಎಂಬ ಪದ್ಧತಿಯು 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿತ್ತು. 1981ರಲ್ಲಿ ಬಂದ ಡಾಸ್ ಅದನ್ನೇ ಮುಂದುವರಿಸಿತು. ಈ ಬಾಲವು ಬಳಸುವವನ ಅನುಕೂಲಕ್ಕೆಂದು ಅಂಟಿಸಿದ ಚೀಟಿ ಮಾತ್ರ. ಒಳಗಿನ ವಸ್ತುವಿಗೆ ಅದು ಪ್ರಮಾಣವಲ್ಲ. ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದವರು ಬೇರೆ ದಾರಿ ಹಿಡಿದರು. 1973ರ ಆವೃತ್ತಿಯಲ್ಲಿಯೇ 'ಫೈಲ್' ಎಂಬ ಆಜ್ಞೆಯಿತ್ತು. ಅದು ಹೆಸರನ್ನು ಬದಿಗಿಟ್ಟು, ಕಡತದ ಒಳಗನ್ನು ನೋಡಿ ಇದು ಯಾವ ಬಗೆಯದೆಂದು ಹೇಳುತ್ತಿತ್ತು. ಇಂದಿಗೂ ಜಿಐಎಫ್ ಚಿತ್ರದ ಮೊದಲ ಆರು ಅಕ್ಷರಗಳು 'ಜಿಐಎಫ್87ಎ' ಅಥವಾ 'ಜಿಐಎಫ್89ಎ' ಎಂದಿರುತ್ತವೆ. ಜಿಪ್ ಕಡತವು ಅದನ್ನು ರೂಪಿಸಿದ ಫಿಲ್ ಕಾಟ್ಜ್‌ನ ಹೆಸರಿನ ಮೊದಲಕ್ಷರಗಳಾದ 'ಪಿಕೆ'ಯಿಂದ ಆರಂಭವಾಗುತ್ತದೆ. ಇವು ಹುಟ್ಟುಮಚ್ಚೆಗಳಿದ್ದಂತೆ.

ಹೆಸರಿನ ಬಾಲವನ್ನು ನಂಬಿದರೆ ಏನಾಗುವುದೆಂಬುದನ್ನು ಲೋಕವು 2000ದ ಮೇ ತಿಂಗಳಲ್ಲಿ ಕಂಡಿತು. 'ಐ ಲವ್ ಯೂ' ಎಂಬ ಇ-ಮೇಲ್‌ನೊಡನೆ ಬಂದ ಪ್ರೇಮಪತ್ರದ ಹೆಸರಿಗೆ ಎರಡು ಬಾಲಗಳಿದ್ದವು. ಮೊದಲನೆಯದು 'ಟಿಎಕ್ಸ್‌ಟಿ', ಅಂದರೆ ಬರಿಯ ಬರೆಹ. ಎರಡನೆಯದು 'ವಿಬಿಎಸ್', ಅಂದರೆ ನಡೆಯುವ ಪ್ರೋಗ್ರಾಮು. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಬಾಲವನ್ನು ತೋರಿಸುತ್ತಿರಲಿಲ್ಲ. ಪತ್ರವೆಂದು ತೆರೆದವರ ಯಂತ್ರಗಳಲ್ಲಿ ಪ್ರೋಗ್ರಾಮು ನಡೆಯಿತು; ಅವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದೇ ಪತ್ರ ಹೋಯಿತು.

ಜಾಲತಾಣಕ್ಕೆ ಕಡತ ಏರಿಸುವ ವಿಧಾನವನ್ನು 1995ರ ನವೆಂಬರ್‌ನಲ್ಲಿ ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೋ ನೆಬೆಲ್ ಮತ್ತು ಲ್ಯಾರಿ ಮ್ಯಾಸಿಂಟರ್ ಒಂದು ಪ್ರಸ್ತಾವದಲ್ಲಿ ವಿವರಿಸಿದರು. ಯಾವ ಬಗೆಯ ಕಡತಗಳು ಬೇಕೆಂದು ಪುಟವು ಸೂಚಿಸುವ ಏರ್ಪಾಡು ಅದರಲ್ಲಿಯೇ ಇತ್ತು. ಆದರೆ ಅದು ಸೂಚನೆ, ಕಟ್ಟಳೆಯಲ್ಲ. ಕಡತದೊಡನೆ ಬರುವ ಹೆಸರನ್ನೂ ಬಗೆಯನ್ನೂ ಬರೆಯುವುದು ಕಳುಹಿಸುವವನ ಯಂತ್ರವೇ. ಅವನು ಮನಸ್ಸು ಮಾಡಿದರೆ ಏನನ್ನಾದರೂ ಬರೆಯಬಹುದು. ಬಂದದ್ದನ್ನು ಸರಿಯಾಗಿ ನಿರ್ವಹಿಸಿ ಇಡುವ ಹೊಣೆ ಪಡೆದವರದೆಂದು ಆ ಪ್ರಸ್ತಾವವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತು. ಆ ಸಾಲಿಗೆ ಭಾಷ್ಯ ಬರೆಯುವುದರಲ್ಲಿಯೇ ಮುಂದಿನ ವರ್ಷಗಳು ಕಳೆದವೆನ್ನಬಹುದು.

ಅದೇ 1995ರಲ್ಲಿ ರಾಸ್ಮಸ್ ಲರ್ಡಾರ್ಫ್ ಅವರು ಪಿಎಚ್‌ಪಿ ಎಂಬ ಸಾಧನವನ್ನು ಬಿಡುಗಡೆ ಮಾಡಿದರು. ಚಿತ್ರವೊಂದನ್ನು ಕೇಳಿದರೆ ಸರ್ವರ್ ಅದನ್ನು ಹಾಗೆಯೇ ಕಳುಹಿಸುತ್ತದೆ. ಪಿಎಚ್‌ಪಿ ಕಡತವನ್ನು ಕೇಳಿದರೆ ಅದರಲ್ಲಿ ಬರೆದಿರುವುದನ್ನು ತಾನೇ ಮಾಡಿ, ಫಲವನ್ನು ಕಳುಹಿಸುತ್ತದೆ. ಅಪರಿಚಿತನೊಬ್ಬನು ಚಿತ್ರಗಳ ಕೋಣೆಯಲ್ಲಿ ಇಂಥ ಕಡತವೊಂದನ್ನು ಇಟ್ಟು ಹೋದರೆ, ಅನಂತರ ಅದರ ವಿಳಾಸವನ್ನು ಕರೆದು ಸರ್ವರ್‌ನಿಂದ ತನಗೆ ಬೇಕಾದ ಕೆಲಸ ಮಾಡಿಸಿಕೊಳ್ಳಬಹುದು. ನನ್ನ ಶಿಷ್ಯನ ಭಯ ಇದೇ.

ಆರಂಭದಲ್ಲಿ ಹಲವರು 'ಪಿಎಚ್‌ಪಿ ಬಾಲದವರಿಗೆ ಪ್ರವೇಶವಿಲ್ಲ' ಎಂದು ನಿಷೇಧದ ಪಟ್ಟಿ ಬರೆದರು. ಆದರೆ 'ಪಿಎಚ್‌ಪಿ3', 'ಪಿಎಚ್‌ಟಿಎಂಎಲ್' ಮುಂತಾದ ಬಾಲಗಳನ್ನೂ ಕೆಲವು ಸರ್ವರ್‌ಗಳು ಅದೇ ರೀತಿ ನಡೆಸುತ್ತಿದ್ದವು. ಅಪಾಚೆ ಎಂಬ ಪ್ರಸಿದ್ಧ ಸರ್ವರ್ ಹೆಸರಿನಲ್ಲಿರುವ ಎಲ್ಲ ಬಾಲಗಳನ್ನೂ ಗಮನಿಸುತ್ತದೆ. ಅದನ್ನು ಸಿದ್ಧಪಡಿಸಿದ ಬಗೆಯಲ್ಲಿ ಎಚ್ಚರ ತಪ್ಪಿದ್ದರೆ 'ಪಿಎಚ್‌ಪಿ' ನಡುವೆಯೂ 'ಜೆಪಿಜಿ' ಕೊನೆಗೂ ಇದ್ದ ಕಡತವನ್ನು ಕೂಡ ನಡೆಸಿಬಿಡುತ್ತಿತ್ತು. ಆದ್ದರಿಂದ ಬೇಡವಾದವರ ಪಟ್ಟಿಗಿಂತ ಬೇಕಾದವರ ಪಟ್ಟಿ ಲೇಸೆಂದಾಯಿತು.

ಅನಂತರ ಹುಟ್ಟುಮಚ್ಚೆ ನೋಡತೊಡಗಿದರು. ಕೇಡಿಗರು ಜಿಐಎಫ್‌ನ ಆರು ಅಕ್ಷರಗಳನ್ನು ಮೊದಲಿಗಿಟ್ಟು, ಅವುಗಳ ಬೆನ್ನಿಗೇ ಪಿಎಚ್‌ಪಿ ಆಜ್ಞೆಗಳನ್ನು ಬರೆದರು. ಹಾಗಾದರೆ ಚಿತ್ರವನ್ನು ಬಿಚ್ಚಿ ಹೊಸದಾಗಿ ಬರೆಯೋಣವೆಂದರೆ, 2016ರ ಮೇ ತಿಂಗಳಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಚಿತ್ರಸಂಸ್ಕರಣ ತಂತ್ರಾಂಶದಲ್ಲಿಯೇ ದೋಷ ಬಯಲಾಯಿತು. ಪರೀಕ್ಷೆಗೆಂದು ತೆರೆದ ಚಿತ್ರವೇ ಯಂತ್ರಕ್ಕೆ ಆಜ್ಞೆ ನೀಡಬಹುದಾಗಿತ್ತು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ ಪ್ರಸಂಗ 2018ರ ಅಕ್ಟೋಬರ್‌ನದು. ಸೆಬಾಸ್ಟಿಯನ್ ಚಾನ್ ಎಂಬ ತಂತ್ರಜ್ಞರು ಕಡತ ಏರಿಸುವ ಒಂದು ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚಿದ್ದರು. ಸಾವಿರಾರು ಮಂದಿ ಅದನ್ನು ನಕಲು ಮಾಡಿಕೊಂಡು ತಮ್ಮ ಕೆಲಸಗಳಿಗೆ ಅಳವಡಿಸಿದ್ದರು. ಅದರೊಡನೆ ಕೊಟ್ಟಿದ್ದ ಮಾದರಿಯು ಎಲ್ಲ ಬಗೆಯ ಕಡತಗಳನ್ನೂ ಸ್ವೀಕರಿಸುತ್ತಿತ್ತು. ಆದರೆ ಕಡತಗಳನ್ನಿಡುವ ಕೋಣೆಯಲ್ಲಿ 'ಡಾಟ್ ಎಚ್‌ಟಿಆ್ಯಕ್ಸೆಸ್' ಎಂಬ ಚೀಟಿಯೊಂದನ್ನು ಅಂಟಿಸಲಾಗಿತ್ತು: ಇಲ್ಲಿರುವ ಯಾವುದನ್ನೂ ನಡೆಸಕೂಡದು. ಅಪಾಚೆ ಈ ಚೀಟಿಯನ್ನು ಓದಿ ಪಾಲಿಸುವುದೆಂಬುದು ಅವರ ನಂಬಿಕೆ. ಅಪಾಚೆಯಾದರೋ 2010ರ 2.3.9ನೆಯ ಆವೃತ್ತಿಯಲ್ಲಿ, ಯಜಮಾನನು ಹೇಳದ ಹೊರತು ಇಂಥ ಚೀಟಿಗಳನ್ನು ಓದುವುದಿಲ್ಲವೆಂದು ತನ್ನ ಕ್ರಮವನ್ನು ಬದಲಿಸಿಕೊಂಡಿತ್ತು. ಆ ಬದಲಾವಣೆಗೂ ಸಕಾರಣಗಳಿದ್ದವು. ಅಕಮೈ ಸಂಸ್ಥೆಯ ಲ್ಯಾರಿ ಕ್ಯಾಶ್‌ಡಾಲರ್ ಇದನ್ನು ಕಂಡು ತಿಳಿಸುವ ಹೊತ್ತಿಗೆ ಎಂಟು ವರ್ಷಗಳು ಕಳೆದಿದ್ದವು. ಚೀಟಿ ಗೋಡೆಯ ಮೇಲಿತ್ತು, ಓದುವ ಕಾವಲುಗಾರನಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಪ್ರಾಮಾಣಿಕರೇ. ಒಬ್ಬರ ಮಾತು ಇನ್ನೊಬ್ಬರಿಗೆ ತಲಪಲಿಲ್ಲ. ಸುದ್ದಿ ತಿಳಿದೊಡನೆ ಚಾನ್ ತಮ್ಮ ಮಾದರಿಯು ಚಿತ್ರಗಳನ್ನಷ್ಟೇ ಸ್ವೀಕರಿಸುವಂತೆ ತಿದ್ದಿದರು. ಆದರೆ ಅದಾಗಲೇ ನಕಲು ಮಾಡಿಕೊಂಡು ಹೋದವರ ಪ್ರತಿಗಳನ್ನು ಅವರು ತಿದ್ದುವಂತಿರಲಿಲ್ಲ.

ಈ ಇತಿಹಾಸದಿಂದ ನಾನು ತಿಳಿದದ್ದು ಇಷ್ಟು. ಬಾಗಿಲಿನಲ್ಲಿ ಎಷ್ಟು ಪರೀಕ್ಷಿಸಿದರೂ ಒಂದಲ್ಲ ಒಂದು ವೇಷ ಒಳಗೆ ಬಂದೇ ಬರುತ್ತದೆ. ಪರೀಕ್ಷೆ ಬೇಡವೆಂದಲ್ಲ, ಬಂದವನನ್ನು ಎಲ್ಲಿ ಕೂರಿಸುತ್ತೇವೆ, ಅವನ ಕೈಗೆ ಏನು ಕೊಡುತ್ತೇವೆ ಎಂಬುದು ಅದಕ್ಕಿಂತ ಮುಖ್ಯ. ನಮ್ಮ ಶಾಲೆಯಲ್ಲಿ ಯಾವ ಹುಡುಗನು ಬೇಕಾದರೂ ತರಗತಿಗೆ ಬರಬಹುದಾಗಿತ್ತು. ಆದರೆ ಪ್ರಯೋಗಾಲಯದಲ್ಲಿ ಆಮ್ಲದ ಬಾಟಲಿಗಳಿದ್ದ ಕಪಾಟಿನ ಬೀಗದ ಕೈಯನ್ನು ಮೊದಲ ದರ್ಜೆಯ ಹುಡುಗನಿಗೂ ಕೊಡುತ್ತಿರಲಿಲ್ಲ. ಅದು ಅವಮಾನವೆಂದು ಯಾರೂ ಭಾವಿಸಲಿಲ್ಲ. ಏರಿಸಿದ ಕಡತಗಳನ್ನು ಪ್ರೋಗ್ರಾಮುಗಳು ನಡೆಯದ ಪ್ರತ್ಯೇಕ ಜಾಗದಲ್ಲಿಡುವುದು, ತಂದವನು ಇಟ್ಟ ಹೆಸರನ್ನು ತೆಗೆದು ತಾನೇ ಹೊಸ ಹೆಸರಿಡುವುದು, ಇವೆಲ್ಲ ಅದೇ ವಿವೇಕ. ಗೂಗಲ್‌ನಂಥ ಸಂಸ್ಥೆಯೂ ಬಳಕೆದಾರರು ತಂದ ಕಡತಗಳನ್ನು ತನ್ನ ಮುಖ್ಯ ವಿಳಾಸದಲ್ಲಿಡದೆ ಬೇರೊಂದು ವಿಳಾಸದಿಂದ ಬಡಿಸುತ್ತದೆ.

ಶಿಷ್ಯನು ಎರಡು ವಾರಗಳ ತರುವಾಯ ಬಾಗಿಲನ್ನು ಮತ್ತೆ ತೆರೆದನು. ನಾನು ಈ ಬಾರಿ ನಿಜವಾದ ಚಿತ್ರವನ್ನೇ ಏರಿಸಿದೆ: ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಅಂಗಳದಲ್ಲಿ ತೆಗೆದದ್ದು. ಊರು, ವರ್ಷ ಎಲ್ಲ ಸೇರಿಸಿ ನಾನಿಟ್ಟಿದ್ದ ಹೆಸರು ಅಳಿಸಿಹೋಗಿ, ಅದರ ಜಾಗದಲ್ಲಿ ಅರ್ಥವಿಲ್ಲದ ಮೂವತ್ತು ಅಕ್ಷರಗಳಿದ್ದವು. ಅರೆಗಳಿಗೆ ಬೇಸರವಾಯಿತು. ಸ್ವಂತ ಮೇಷ್ಟ್ರ ಮಾತನ್ನೂ ಇವನು ನಂಬುವುದಿಲ್ಲವಲ್ಲ ಎನಿಸಿತು. ಆಮೇಲೆ ಹೊಳೆಯಿತು: ಯಾರನ್ನೂ ನಂಬಬೇಕಾದ ಅಗತ್ಯವಿಲ್ಲದಂತೆ ಕಟ್ಟಿದ್ದರಿಂದಲೇ ಅವನು ಎಲ್ಲರಿಗೂ ಬಾಗಿಲು ತೆರೆಯಲು ಸಾಧ್ಯವಾಯಿತು.

ಆ ಚಿತ್ರದ ಎರಡನೆಯ ಸಾಲಿನಲ್ಲಿ, ಎಡದಿಂದ ನಾಲ್ಕನೆಯವನಾಗಿ ಅವನೇ ನಿಂತಿದ್ದಾನೆ. ಪಕ್ಕದವನ ಪರವಾಗಿ "ಹಾಜರ್ ಸಾರ್" ಎನ್ನುತ್ತಿದ್ದವನೂ ಅವನೇ.