ಹಿಂಡು, ಮರೆ ಮತ್ತು ಎಚ್ಚರ: ಹರಿಹರದ ಆಸುಪಾಸಿನ ಎರಡು ಹುಲ್ಲೆಗಳು

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ವಾಯವ್ಯಕ್ಕೆ ಸಾಗಿದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಸಿಗುತ್ತದೆ. 1974ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 119 ಚದರ ಕಿಲೋಮೀಟರ್. ದಾವಣಗೆರೆಯ ಪೂರ್ವಕ್ಕೆ, ಜಗಳೂರು ತಾಲ್ಲೂಕಿನಲ್ಲಿ, 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ರೈತರು ಚಿಗರಿ ಎಂದು ಕರೆಯುವ ಕೃಷ್ಣಮೃಗ ಹಿಂಡುಹಿಂಡಾಗಿ ಬಯಲಲ್ಲಿ ಮೇಯುತ್ತದೆ. ನಾಲ್ಕು ಕೋಡಿನ ಕೊಂಡುಕುರಿ ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿಯೋ ಮರಿಯೊಂದಿಗೋ, ಕುರುಚಲು ಕಾಡಿನಲ್ಲಿ ಅಡಗಿ ಬಾಳುತ್ತದೆ. ಬೇಟೆಯ ಭಯ ಪ್ರಾಣಿಗಳನ್ನು ಒಟ್ಟುಗೂಡಿಸುತ್ತದೆ ಎಂಬ ರೂಢಿಯ ವಿವರಣೆ ಇವೆರಡರಲ್ಲಿ ಒಂದಕ್ಕೆ ಮಾತ್ರ ಹೊಂದುತ್ತದೆ. ಕೊಂಡುಕುರಿಗೆ ಭಯ ಕಡಿಮೆಯೇನಲ್ಲ. ಆದ್ದರಿಂದ ಅಪಾಯ ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ದೂರದಿಂದ ಕಾಣುತ್ತದೆ ಎಂಬುದೇ ಗುಂಪಿನ ಗಾತ್ರವನ್ನೂ ಎಚ್ಚರದ ಬಗೆಯನ್ನೂ ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಹಿಂಡಿನ ಲಾಭವನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಇಬ್ಬರು ಮುಖ್ಯರು. 1971ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್, ಪ್ರತಿ ಪ್ರಾಣಿಯೂ ತನ್ನ ಮತ್ತು ಬೇಟೆಗಾರನ ನಡುವೆ ಇನ್ನೊಂದನ್ನು ಇರಿಸಿಕೊಳ್ಳಲು ಹವಣಿಸುವುದರಿಂದಲೇ ಹಿಂಡು ಕಟ್ಟಿಕೊಳ್ಳಬಲ್ಲದು ಎಂದು ವಾದಿಸಿದರು. ಅಲ್ಲಿ ಪರಸ್ಪರ ಸಹಾಯದ ಮನೋಭಾವ ಬೇಕೇ ಇಲ್ಲ. 1973ರಲ್ಲಿ ಎಚ್. ರೊನಾಲ್ಡ್ ಪುಲಿಯಂ ಹಲವು ಕಣ್ಣುಗಳ ಲಾಭವನ್ನು ಗಣಿತಕ್ಕೆ ಇಳಿಸಿದರು. ಒಂದು ಚಿಗರಿ ತನ್ನ ಸಮಯದ ಐದನೇ ಒಂದು ಪಾಲು ತಲೆಯೆತ್ತಿ ನೋಡುತ್ತದೆ, ಪ್ರತಿಯೊಂದೂ ತನ್ನ ಪಾಡಿಗೆ ತಾನು ನೋಡುತ್ತದೆ ಎಂದು ಇಟ್ಟುಕೊಳ್ಳೋಣ. ಒಂಟಿ ಪ್ರಾಣಿಯಾದರೆ ಯಾವುದೇ ಕ್ಷಣದಲ್ಲಿ ಕಾವಲು ಇರುವ ಸಂಭವ ಶೇ. 20, ಐದಿದ್ದರೆ ಶೇ. 67, ಹತ್ತಿದ್ದರೆ ಶೇ. 89, ಇಪ್ಪತ್ತಿದ್ದರೆ ಸುಮಾರು ಶೇ. 99. ಮೊದಮೊದಲು ಸೇರುವ ಜೊತೆಗಾರರಿಂದ ದೊಡ್ಡ ಲಾಭ, ಆಮೇಲೆ ಸೇರುವವರಿಂದ ಅಲ್ಪ. ಆದರೆ ಈ ಲೆಕ್ಕದೊಳಗೆ ಒಂದು ಷರತ್ತು ಅಡಗಿದೆ: ತಲೆಯೆತ್ತಿದವನಿಗೆ ತೋಳ ಕಾಣಬೇಕು, ಕಂಡ ಮೇಲೆ ಓಡುವಷ್ಟು ಅಂತರ ಉಳಿದಿರಬೇಕು. ಬಯಲಿನಲ್ಲಿ ಈ ಷರತ್ತು ಈಡೇರುತ್ತದೆ. ಚಿರತೆಯಂಥ ಬೇಟೆಗಾರ ಕೆಲವೇ ಮಾರು ದೂರದ ಮಟ್ಟಿಯಲ್ಲಿ ಹೊಂಚು ಹಾಕಬಲ್ಲ ಕಾಡಿನಲ್ಲಿ ಹತ್ತು ಜೋಡಿ ಕಣ್ಣಿದ್ದೂ ಪ್ರಯೋಜನ ಕಡಿಮೆ. ಅಲ್ಲಿ ಗುಂಪು ಮಾಡುವ ಸದ್ದು, ಚಲನೆ, ವಾಸನೆ ಬೇಟೆಗಾರನಿಗೇ ಸುಳಿವಾಗುತ್ತವೆ. ಕೊಂಡುಕುರಿಯ ಎಚ್ಚರ ಅದಕ್ಕೇ ಬೇರೆ ಬಗೆಯದು: ಅಲುಗಾಡದೆ ನಿಲ್ಲುವುದು, ಅಪಾಯ ತೀರಾ ಹತ್ತಿರ ಬಂದಾಗ ಮಾತ್ರ ಚಿಮ್ಮಿ ಓಡುವುದು.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. 1974ರಲ್ಲಿ ಪಿ. ಜೆ. ಜಾರ್ಮನ್ ಆಫ್ರಿಕದ ಹುಲ್ಲೆಗಳನ್ನು ಹೋಲಿಸಿ, ದೇಹದ ಗಾತ್ರಕ್ಕೂ ಮೇವಿಗೂ ಗುಂಪಿಗೂ ಇರುವ ನಂಟನ್ನು ತೋರಿಸಿದರು. ಸುಮಾರು 20 ಕಿಲೋ ತೂಗುವ ಕೊಂಡುಕುರಿ ಚಿಗುರು, ಹೂವು, ಹಣ್ಣುಗಳನ್ನು ಆರಿಸಿ ತಿನ್ನುತ್ತದೆ; ಅಂಥ ಮೇವು ಚದುರಿ ಬೆಳೆಯುವುದರಿಂದ ಜೊತೆಗಾರ ಎಂದರೆ ಪೈಪೋಟಿ. ಅದಕ್ಕಿಂತ ದೊಡ್ಡದಾದ ಕೃಷ್ಣಮೃಗಕ್ಕೆ ಹುಲ್ಲು ಎಲ್ಲೆಡೆ ಸಿಗುತ್ತದೆ. ಹಾಗಾದರೆ ಮೇವೊಂದೇ ಸಾಕಲ್ಲವೆ, ಬೇಟೆಗಾರನನ್ನು ಏಕೆ ಎಳೆದು ತರಬೇಕು? ಎರಡು ಪ್ರಭೇದಗಳ ಹೋಲಿಕೆಯಲ್ಲೇ ಉಳಿದರೆ ಈ ಪ್ರಶ್ನೆಗೆ ಉತ್ತರವಿಲ್ಲ ಎಂದು ಒಪ್ಪಲೇಬೇಕು. ಉತ್ತರ ಇರುವುದು ಒಂದೇ ಪ್ರಭೇದದ ಒಳಗೆ. ಕೃಷ್ಣಮೃಗದ ಗುಂಪುಗಳ ಏರಿಳಿತದ ಬಗ್ಗೆ ಕವಿತಾ ಈಶ್ವರನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆಲದ ಹೊದಿಕೆಯನ್ನೂ ಮೇವನ್ನೂ ಜೊತೆಗಿಟ್ಟು ನೋಡಿತು. ನೆಲ ಹೆಚ್ಚು ತೆರೆದಿರುವ ಕಡೆ ಗುಂಪುಗಳು ದೊಡ್ಡವಾಗಿದ್ದವು. ಇನ್ನೂ ಹತ್ತಿರದ ಸಾಕ್ಷಿ ಕೃಷ್ಣಮೃಗದ ಮರಿ. ಹುಟ್ಟಿದ ಮೊದಲ ದಿನಗಳಲ್ಲಿ ಅದು ಹಿಂಡಿನ ಜೊತೆ ಓಡಲಾರದು. ಹುಲ್ಲಿನಲ್ಲಿ ಒಂಟಿಯಾಗಿ ಅವಿತು ಮಲಗಿರುತ್ತದೆ, ತಾಯಿ ಹಾಲೂಡಿಸಲು ಬಂದು ಹೋಗುತ್ತದೆ. ಆ ವಯಸ್ಸಿನಲ್ಲಿ ಅದಕ್ಕೆ ಮೇವಿನ ಪೈಪೋಟಿಯೇ ಇಲ್ಲ. ಕಂಡು ಓಡುವ ಶಕ್ತಿ ಬರುವವರೆಗೆ ಹಿಂಡಿನ ಪ್ರಾಣಿಯೂ ಕೊಂಡುಕುರಿಯಂತೆಯೇ ಬಾಳುತ್ತದೆ. ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ.

ದೊಡ್ಡ ಗುಂಪಿನಲ್ಲಿ ಪ್ರಾಣಿ ಕಡಿಮೆ ಸಲ ತಲೆಯೆತ್ತುವುದು ನೆಮ್ಮದಿಯಿಂದಲ್ಲ, ಪಕ್ಕದವರು ತಿಂದು ಮುಗಿಸುವ ಆತಂಕದಿಂದ ಎಂಬುದು ಇನ್ನೊಂದು ಆಕ್ಷೇಪ. ಒಂದೇ ಗುಂಪಿನಲ್ಲಿ ಅಂಚಿನ ಪ್ರಾಣಿಗಳು ನಡುವಿನವುಗಳಿಗಿಂತ ಹೆಚ್ಚು ತಲೆಯೆತ್ತುವುದು ಹಲವು ಪ್ರಭೇದಗಳಲ್ಲಿ ಕಂಡಿದೆ. ಅಂಚಿನಲ್ಲಿ ಪಕ್ಕದವರು ಕಡಿಮೆ, ಅಪಾಯ ಹೆಚ್ಚು. ಹಾಗಾಗಿ ಇದು ಪೂರ್ತಿ ನಿರ್ಣಾಯಕವಲ್ಲದಿದ್ದರೂ, ಅಂಚಿನ ಎಚ್ಚರ ಹ್ಯಾಮಿಲ್ಟನ್ ಅವರ ತರ್ಕಕ್ಕೆ ಸರಿಹೊಂದುತ್ತದೆ. ಭಾರತದಲ್ಲಿ ಚೀತಾ ಇಪ್ಪತ್ತನೇ ಶತಮಾನದಲ್ಲೇ ಅಳಿದು, ತೋಳಗಳೂ ವಿರಳವಾದ ಮೇಲೆ ಈ ಭಯವೆಲ್ಲಿ ಎಂದು ಕೇಳುವವರಿಗೆ ಬೀದಿನಾಯಿಗಳನ್ನು ತೋರಿಸಬಹುದು.

ಈ ವಾದವನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಬಯಲಿಗೆ ನೀಲಗಿರಿ ನೆಟ್ಟರೆ ಒಂದು ತೋಳವೂ ಹೆಚ್ಚಾಗದೆ ಚಿಗರಿಯ ಪಾಲಿಗೆ ಅಪಾಯ ಹೆಚ್ಚುತ್ತದೆ. ರಾಣೆಬೆನ್ನೂರಿನ ನೆಡುತೋಪುಗಳನ್ನು ಈ ದೃಷ್ಟಿಯಿಂದಲೇ ಪ್ರಶ್ನಿಸಬೇಕು. ಮೆಕ್ಕೆಜೋಳದ ಹೊಲಗಳು ಇನ್ನೂ ಒಳ್ಳೆಯ ಪ್ರಯೋಗಶಾಲೆ. ಜೂನ್ ಹೊತ್ತಿಗೆ ಬಿತ್ತಿದ ಬೆಳೆ ಎಳೆಯದಾಗಿದ್ದಾಗ ಮೇವೂ ಇದೆ, ನೋಟವೂ ತೆರೆದಿದೆ. ಬೆಳೆ ಆಳೆತ್ತರ ದಾಟಿದಾಗ ಮೇವು ಉಳಿದಿದ್ದರೂ, ಹೆಗಲೆತ್ತರ ಒಂದು ಮೀಟರೂ ಇಲ್ಲದ ಚಿಗರಿಗೆ ಏನೂ ಕಾಣದು. ಮೇವೇ ಮುಖ್ಯವಾದರೆ ಆಗಲೂ ದೊಡ್ಡ ಗುಂಪುಗಳು ಹೊಲಕ್ಕೆ ಇಳಿಯಬೇಕು. ನೋಟ ಮುಖ್ಯವಾದರೆ ಗುಂಪುಗಳು ಒಡೆಯಬೇಕು ಅಥವಾ ಬೀಳುಭೂಮಿಗೆ ಸರಿಯಬೇಕು, ಕೊಯ್ಲಾದ ಮೇಲೆ ಮತ್ತೆ ಕೂಡಬೇಕು. ಬಿತ್ತನೆಯಿಂದ ಕೊಯ್ಲಿನವರೆಗೆ, ಅದೇ ಹೊಲಗಳ ಅಂಚಿನಲ್ಲಿ, ಗುಂಪಿನ ಗಾತ್ರವನ್ನೂ ತಲೆಯೆತ್ತಿದ ಸಲಗಳನ್ನೂ ಎಣಿಸಿದರೆ ಎರಡು ವಿವರಣೆಗಳನ್ನು ಬೇರ್ಪಡಿಸಬಹುದು.